ಎರಡು ಸಾವಿರದ ಕುಕ್ಕರು, ಎರಡು ವರ್ಷದ ಕೇಸು: ನನ್ನ ಅನುಭವ

"ಕುಕ್ಕರ್ ಕೇಸ್ ಹಾಕ್ತೀಯೇನಪಾ? ಎರಡು ಸಾವಿರ ವಾಪಸ್ ಬರ್ತಾವ. ನಿನ್ನ ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ ಆಗ್ತೈತಿ."

ಗಂಗಾವತಿ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ನಮ್ಮ ಹಿರಿಯ ವಕೀಲರೊಬ್ಬರು ಹೀಗೆ ಹೇಳಿದಾಗ ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಕುಕ್ಕರ್ ಸಿಡಿದು ಸುಟ್ಟುಕೊಂಡ ಒಬ್ಬ ಅಕ್ಕನ ಪರವಾಗಿ, ಅದನ್ನು ತಯಾರಿಸಿದ ಕಂಪನಿಯ ಮೇಲೆ ಗ್ರಾಹಕ ಆಯೋಗದಲ್ಲಿ ನಾನು ನಡೆಸಿದ ಕೇಸು ಅದು. ಮೊನ್ನೆ ಅದೇ ಕೇಸಿನ ದುಡ್ಡು ಬಂತು. ಬಡ್ಡಿ, ಖರ್ಚು ಎಲ್ಲ ಸೇರಿ ನಾಲ್ಕು ಲಕ್ಷದ ಮೇಲೆ ಸ್ವಲ್ಪ. ಚಹಾದ ಬಿಲ್ ಅವತ್ತು ನಾನೇ ಕೊಟ್ಟೆ.

ಮೊದಲು ನನ್ನ ಸೋಲುಗಳನ್ನು ಹೇಳಿಬಿಡುತ್ತೇನೆ. ಇದಕ್ಕೂ ಮುಂಚೆ ಇಂಥ ಎರಡು ಕೇಸು ಕಳೆದುಕೊಂಡಿದ್ದೆ. ಒಂದು ಮಿಕ್ಸರ್ ಜಾರಿನದು. ಓಡುತ್ತಿರುವಾಗಲೇ ಜಾರ್ ಸೀಳಿ ಒಬ್ಬ ಹುಡುಗಿಯ ಅಂಗೈ ಕೊಯ್ದಿತ್ತು. ಅವರ ಅಪ್ಪ ಒಳ್ಳೆ ಮನುಷ್ಯ. ಅಂಗಡಿಯವನು "ಹೊಸದು ಕೊಡ್ತೀವಿ" ಅಂದ ಕೂಡಲೇ ಹಳೆಯದನ್ನು ಒಪ್ಪಿಸಿ, ಕೊಟ್ಟ ಕಾಗದಕ್ಕೆ ಸಹಿ ಹಾಕಿ ಬಂದುಬಿಟ್ಟಿದ್ದರು. ವಸ್ತುವೇ ಇಲ್ಲ, ದೋಷ ಯಾವುದರಲ್ಲಿ ತೋರಿಸಲಿ? ಇನ್ನೊಂದು ಗ್ರೈಂಡರ್ ಶಾಕ್‌ನದು. ವಸ್ತು ಇತ್ತು, ಆದರೆ ನಮ್ಮ ಕಡೆಗೆ ಬರುವ ಮೊದಲೇ ಮನೆಯವರು ಮೆಕ್ಯಾನಿಕ್‌ನಿಂದ ವೈರ್ ಬದಲಾಯಿಸಿಕೊಂಡಿದ್ದರು. ಎದುರಿನ ವಕೀಲರು ಒಂದೇ ಮಾತು ಹೇಳಿದರು: "ತಿದ್ದಿದ ಮಾಲು, ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 87." ಮುಗಿಯಿತು. ಎರಡರಿಂದಲೂ ನನಗೆ ಬಂದದ್ದು ಸೊನ್ನೆ, ಹೋದದ್ದು ಹತ್ತಿರ ಹತ್ತಿರ ಹದಿನೈದು ಸಾವಿರ.

ಹಾಗಾಗಿ 2023ರ ಬೇಸಿಗೆಯಲ್ಲಿ ಈ ಅಕ್ಕ ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಕುಕ್ಕರ್ ಎಲ್ಲೈತ್ರಿ ಅಕ್ಕಾ?"

"ಮಾಳಿಗಿ ಮ್ಯಾಲ ಒಗದೀನ್ರಿ. ಅದರ ಮಾರಿ ನೋಡಾಕ ಮನಸಿಲ್ಲ."

ನನಗೆ ಅಷ್ಟು ಸಾಕಿತ್ತು. ಅವತ್ತೇ ಅವರ ಮನೆಗೆ ಹೋದೆ. ಮುಚ್ಚಳ ಒಂದು ಕಡೆ ಬಾಗಿ ಎಲೆಯ ಹಾಗೆ ಸುರುಟಿತ್ತು. ವಿಷಲ್ ಕೂರುವ ಕೊಳವೆಯಲ್ಲಿ ಒಣಗಿದ ತೊಗರಿಬೇಳೆ. ಸೇಫ್ಟಿ ವಾಲ್ವ್ ಮಾತ್ರ ಏನೂ ಆಗದವರ ಹಾಗೆ ತನ್ನ ಜಾಗದಲ್ಲೇ ಕೂತಿತ್ತು. ಅದನ್ನು ನೋಡಿದ ಕೂಡಲೇ ನನ್ನ ತಲೆಯಲ್ಲಿ ಬಲ್ಬ್ ಹತ್ತಿತು. ಕೊಳವೆ ಕಟ್ಟಿಕೊಳ್ಳುವುದು ಪ್ರತಿ ಮನೆಯಲ್ಲೂ ಆಗುತ್ತದೆ. ಆಗ ಒತ್ತಡ ಹೊರಗೆ ಬಿಡಲಿ ಅಂತಲೇ ಆ ವಾಲ್ವ್ ಇರುವುದು. ಅದು ಬಿಚ್ಚಿಕೊಳ್ಳದೆ ಕೂತಿದೆ ಅಂದರೆ ಕೇಸು ಅಲ್ಲೇ ಇದೆ. ಇಬ್ಬರು ನೆರೆಯವರನ್ನು ಕರೆದು, ಅವರ ಎದುರೇ ಕುಕ್ಕರನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಹಾಕಿ, ಪಂಚನಾಮೆ ತರಹ ಒಂದು ಕಾಗದ ಬರೆಸಿಕೊಂಡೆ. ತೊಳೆಯಲಿಲ್ಲ. ಬೇಳೆಯನ್ನೂ ಕೆರೆಯಲಿಲ್ಲ.

ಯಾವ ದಾರಿ ಅನ್ನುವ ಚರ್ಚೆ ನನಗೆ ಜಾಸ್ತಿ ಇರಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಹೊಸ ಕುಕ್ಕರೋ ರಿಫಂಡೋ ಸಿಗಬಹುದು, ಗಾಯದ ದುಡ್ಡು ಸಿಗುವುದಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾಲು ವಾಪಸ್ ತರಿಸಬಹುದು, ದಂಡ ಹಾಕಬಹುದು, ಒಬ್ಬರ ಪರಿಹಾರ ಅದರ ಕೆಲಸವಲ್ಲ. ಸಿವಿಲ್ ದಾವೆಗೆ ನಾವು ಕೇಳುವ ಒಂಬತ್ತು ಲಕ್ಷದ ಮೇಲೆ ಕೋರ್ಟ್ ಫೀ ಕಟ್ಟಬೇಕು, ಆ ಅಕ್ಕನ ಕೈಲಿ ಆಗದ ಮಾತು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಫೀ ಲೆಕ್ಕಕ್ಕೆ ಬರುವುದು ವಸ್ತುವಿಗೆ ಕೊಟ್ಟ ಬೆಲೆ, ನಾವು ಕೇಳುವ ಪರಿಹಾರ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದೇ ದೊಡ್ಡ ಬದಲಾವಣೆ, ನಮ್ಮಲ್ಲಿ ಎಷ್ಟೋ ಜನ ಇನ್ನೂ 1986ರ ಹಳೆಯ ಕಾಯ್ದೆಯ ಲೆಕ್ಕದಲ್ಲೇ ಇದ್ದಾರೆ. ಕುಕ್ಕರಿನ ಬೆಲೆ 1,900 ಚಿಲ್ಲರೆ. ಐದು ಲಕ್ಷದವರೆಗೆ ಫೀ ಇಲ್ಲ. ಅಂದರೆ ಒಂಬತ್ತು ಲಕ್ಷ ಕೇಳುವ ದೂರನ್ನು ಒಂದು ರೂಪಾಯಿ ಫೀ ಇಲ್ಲದೆ ಕೊಪ್ಪಳದಲ್ಲಿ ಹಾಕಿದೆ. ಕಂಪನಿ ಬೇರೆ ರಾಜ್ಯದ್ದು. ದೂರುದಾರರು ಇರುವ ಊರಲ್ಲೇ ಹಾಕಬಹುದು ಅನ್ನುವುದೂ ಹೊಸ ಕಾಯ್ದೆಯ ಪುಣ್ಯ.

ತೊಂದರೆ ಶುರುವಾದದ್ದು ಆಸ್ಪತ್ರೆ ಕಾಗದದಿಂದ. ಮೊದಲು ಹೋದ ಆಸ್ಪತ್ರೆಯ ಚೀಟಿಯಲ್ಲಿ "ಬಿಸಿನೀರು ಬಿದ್ದು ಸುಟ್ಟ ಗಾಯ" ಅಂತ ಇತ್ತು. ಯಾಕೆ ಅಂದರೆ ಗಂಡ ಹಾಗೆ ಹೇಳಿದ್ದ. ಮದುವೆಯಾದ ಹೆಣ್ಣುಮಗಳು ಸುಟ್ಟುಕೊಂಡು ಬಂದರೆ ಪೊಲೀಸರು ಬರುತ್ತಾರೆ, ವರದಕ್ಷಿಣೆ ಅಂತಾರೆ ಅಂತ ಹೆದರಿ ಕುಕ್ಕರ್ ಸುದ್ದಿಯನ್ನೇ ಎತ್ತಿರಲಿಲ್ಲ. ಎದುರುದಾರರ ವಕೀಲರಿಗೆ ಇದು ಹಬ್ಬ. "ಕುಕ್ಕರ್ ಸಿಡಿದೇ ಇಲ್ಲ" ಅಂತ ತಕರಾರಿನ, ಅಂದರೆ ತಮ್ಮ ಲಿಖಿತ ಉತ್ತರದ, ಮೊದಲ ಪುಟದಲ್ಲೇ ಬರೆದರು.

ಎರಡು ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕೊನೆಗೆ ಕೈ ಹಿಡಿದದ್ದು ಪಕ್ಕದ ಮನೆಯ ಕಾಲೇಜು ಹುಡುಗನ ಫೋನು. ಶಬ್ದ ಕೇಳಿ ಓಡಿ ಬಂದವನು ಅಡುಗೆಮನೆಯ ಫೋಟೋ ಹೊಡೆದು ಗೆಳೆಯರಿಗೆ ಕಳಿಸಿದ್ದ. ಆ ಫೋಟೋ ಈಗಲೂ ಕಣ್ಣ ಮುಂದಿದೆ. ತಗಡಿನ ಸೂರಿಗೆ ಹಳದಿ ಬೇಳೆ ಅಂಟಿ ಹನಿ ಹನಿ ಇಳಿಯುತ್ತಿದೆ, ಗ್ಯಾಸ್ ಒಲೆಯ ಒಂದು ಕಾಲು ಮುರಿದಿದೆ, ಗೋಡೆಯ ಕ್ಯಾಲೆಂಡರ್ ಮೇಲೂ ಬೇಳೆ. ಬಿಸಿನೀರು ಬಿದ್ದರೆ ಸೂರಿಗೆ ಬೇಳೆ ಹತ್ತುತ್ತದೆಯೇ? ಹುಡುಗನ ಅಫಿಡವಿಟ್, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ 65ಬಿ ಸರ್ಟಿಫಿಕೇಟ್ (ಹೊಸ ಸಾಕ್ಷ್ಯ ಕಾಯ್ದೆಯಲ್ಲಿ ಸೆಕ್ಷನ್ 63), ಮೂಲ ಫೋನು, ಎಲ್ಲ ಹಾಜರು ಮಾಡಿದೆ. ಗಂಡನ ಅಫಿಡವಿಟ್‌ನಲ್ಲಿ ಹೆದರಿ ಸುಳ್ಳು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಸಿದೆ. ಮುಚ್ಚಿಟ್ಟಿದ್ದರೆ ಅಲ್ಲೇ ಮುಳುಗುತ್ತಿದ್ದೆವು. ಬಳ್ಳಾರಿಯಲ್ಲಿ ಆಮೇಲೆ ತೋರಿಸಿದ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಕುಕ್ಕರ್ ಅಂತಲೇ ಇದ್ದದ್ದೂ ಸಹಾಯವಾಯಿತು.

ಇನ್ನು ಬಿಲ್. ಬಿಲ್ ಕಳೆದಿತ್ತು, ಆದರೆ ವಾರಂಟಿ ಕಾರ್ಡ್ ಅಕ್ಕಿ ಡಬ್ಬಿಯ ಕೆಳಗೆ ಸಿಕ್ಕಿತು. ಅಂಗಡಿಯ ಸೀಲು, 2021ರ ದೀಪಾವಳಿಯ ತಾರೀಖು. ಅಷ್ಟರಲ್ಲಿ ಕುಕ್ಕರಿಗೆ ಐಎಸ್‌ಐ ಕಡ್ಡಾಯವಾಗಿತ್ತು, 2021ರ ಫೆಬ್ರವರಿಯಿಂದಲೇ. ನಕಲಿ ಮಾರ್ಕ್ ಇರಬಹುದು ಅಂತ ಆಸೆಯಿಂದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಸಿಎಂ/ಎಲ್ (ಲೈಸೆನ್ಸ್) ನಂಬರ್ ಹಾಕಿ ನೋಡಿದೆ. ಲೈಸೆನ್ಸ್ ಅಸಲಿ, ಚಾಲ್ತಿಯಲ್ಲಿದೆ. ಒಂದು ವಾರದ ಉತ್ಸಾಹ ಠುಸ್ ಅಂತು. ಆಮೇಲೆ ಯೋಚಿಸಿದೆ, ಲೈಸೆನ್ಸ್ ಇದ್ದರೆ ಇನ್ನೂ ಒಳ್ಳೆಯದೇ. ಯಾವ ಮಾನದಂಡಕ್ಕೆ ತಕ್ಕ ಹಾಗೆ ಮಾಡಿದ್ದೇವೆ ಅಂತ ಅವರೇ ಒಪ್ಪಿಕೊಂಡ ಹಾಗಾಯಿತು. ಕುಕ್ಕರಿನ ಮಾನದಂಡ ಐಎಸ್ 2347 ಏನು ಹೇಳುತ್ತದೋ ಅದಕ್ಕೆ ಈ ವಾಲ್ವ್ ತೂಗಲಿ.

ತಕರಾರು ಸಲ್ಲಿಸಲು ಮೂವತ್ತು ದಿನ, ಮೇಲೆ ಹದಿನೈದು, ಅಷ್ಟೇ. ಸುಪ್ರೀಂ ಕೋರ್ಟಿನ 2020ರ ಹಿಲ್ಲಿ ತೀರ್ಪಿನ ನಂತರ ನಲವತ್ತಾರನೇ ದಿನಕ್ಕೆ ಬಾಗಿಲು ಬಂದ್. ನಾನು ಕ್ಯಾಲೆಂಡರ್‌ನಲ್ಲಿ ಗೆರೆ ಎಳೆದುಕೊಂಡು ಕಾಯುತ್ತಾ ಕೂತಿದ್ದೆ. ಪುಣ್ಯಾತ್ಮರು ನಲವತ್ತನಾಲ್ಕನೇ ದಿನ ಹಾಕಿಬಿಟ್ಟರು.

ಅವರ ಅಸ್ತ್ರ ಎರಡು. ಒಂದು, ಗ್ಯಾಸ್ಕೆಟ್. ಅಕ್ಕ ಸಂತೆಯಲ್ಲಿ ನಲವತ್ತು ರೂಪಾಯಿಯ ಲೋಕಲ್ ರಬ್ಬರ್ ಹಾಕಿಕೊಂಡಿದ್ದರು. "ಮಾಲು ಬದಲಾಯಿಸಿದ್ದಾರೆ, ದುರ್ಬಳಕೆ" ಅಂದರು. ಗ್ರೈಂಡರ್ ಕೇಸಿನ ಭೂತ ಮತ್ತೆ ಎದುರು ನಿಂತಿತು. ಇಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆ. ನನ್ನ ಜೂನಿಯರ್ ಹುಡುಗನನ್ನು ಊರಿನ ಆರೇಳು ಪಾತ್ರೆ ಅಂಗಡಿಗೆ ಕಳಿಸಿ ಆ ಕಂಪನಿಯ ಅಸಲಿ ಗ್ಯಾಸ್ಕೆಟ್ ಕೇಳಿಸಿದೆ. ಎಲ್ಲೂ ಇಲ್ಲ. ಮೂರು ಅಂಗಡಿಯವರು ಚೀಟಿಯ ಮೇಲೆ "ಸ್ಟಾಕ್ ಇಲ್ಲ" ಅಂತ ಬರೆದೂ ಕೊಟ್ಟರು. ಕುಕ್ಕರ್ ಮಾರಿದ ಅಂಗಡಿಯಲ್ಲೂ ಇರಲಿಲ್ಲ! ಜೊತೆಗೆ ಬಂದಿದ್ದ ಪುಸ್ತಕ ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು. ಅಕ್ಕ ಓದಿದ್ದು ಏಳನೇ ಕ್ಲಾಸು, ಕನ್ನಡದಲ್ಲಿ. ಸಾಕಷ್ಟು ಎಚ್ಚರಿಕೆ ಕೊಡದಿರುವುದೂ ಸೆಕ್ಷನ್ 84ರಲ್ಲಿ ತಯಾರಕರ ಹೊಣೆಯೇ ಅಲ್ವಾ? ಅದನ್ನೂ ಸೇರಿಸಿದೆ. ಅದಕ್ಕಿಂತ ಮುಖ್ಯವಾಗಿ, ಕೆಟ್ಟ ಗ್ಯಾಸ್ಕೆಟ್ ಇದ್ದರೆ ಹಬೆ ಬದಿಯಿಂದ ಸೋರುತ್ತದೆ. ಒತ್ತಡ ಇಳಿಯುತ್ತದೆ, ಏರುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟದ್ದು ಬಸ್ ಸ್ಟ್ಯಾಂಡ್ ಹತ್ತಿರ ಕುಕ್ಕರ್ ರಿಪೇರಿ ಮಾಡುವ ಅಜ್ಜ, ಯಾವ ಎಂಜಿನಿಯರ್ರೂ ಅಲ್ಲ.

ಎರಡನೇ ಅಸ್ತ್ರ, ವ್ಯಾಪಾರ. ಅಕ್ಕ ಮನೆಯಲ್ಲೇ ಅಡುಗೆ ಮಾಡಿ ರೈಸ್ ಮಿಲ್ ಹುಡುಗರಿಗೆ ಊಟದ ಡಬ್ಬಿ ಕಳಿಸುತ್ತಿದ್ದರು, ಹದಿನೈದೋ ಹದಿನೆಂಟೋ ಡಬ್ಬಿ. "ವಾಣಿಜ್ಯ ಉದ್ದೇಶ, ಇವರು ಗ್ರಾಹಕರೇ ಅಲ್ಲ" ಅಂದರು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕೆ ಕೊಂಡರೆ ಅದು ವಾಣಿಜ್ಯ ಅಲ್ಲ ಅಂತ ಕಾಯ್ದೆಯ ವಿವರಣೆಯಲ್ಲೇ ಇದೆ. ಕೆಲಸದವರು ಇಲ್ಲ, ಬೋರ್ಡು ಇಲ್ಲ ಅಂತ ತೋರಿಸಿದ್ದು ಸಾಕಾಯಿತು. ಒಂದು ಕಡೆ ಇದು ನಮಗೆ ಲಾಭವೇ ಆಯಿತು, ಆದಾಯ ಎಷ್ಟು ಅನ್ನುವುದಕ್ಕೆ ಸಾಕ್ಷಿ ತಾನಾಗಿ ಸಿಕ್ಕಿತು.

ಲ್ಯಾಬ್ ವಿಷಯ. ಸೆಕ್ಷನ್ 38ರಲ್ಲಿ ಅರ್ಜಿ ಹಾಕಿ, ಆಯೋಗದ ಸೀಲ್‌ನಲ್ಲೇ ಬೆಂಗಳೂರಿನ ಒಂದು ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸಿದೆವು. ಫೀ ಹದಿನಾಲ್ಕು ಸಾವಿರದ ಆಸುಪಾಸು, ನಾವೇ ಕಟ್ಟಬೇಕು. ಅಕ್ಕನ ಹತ್ತಿರ ಇರಲಿಲ್ಲ, ನಾನು ಹಾಕಿದೆ. ಮನೆಯಲ್ಲಿ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ವರದಿ ನಲವತ್ತೈದು ದಿನದಲ್ಲಿ ಬರಬೇಕು ಅಂತ ಕಾನೂನು, ಬಂದದ್ದು ನಾಲ್ಕು ತಿಂಗಳಿಗೆ. ವಾಲ್ವನ್ನು ಬೇರೆ ಮಾಡಿ ಪರೀಕ್ಷಿಸಿದಾಗ ಮಾನದಂಡ ಹೇಳಿದ ಒತ್ತಡದೊಳಗೆ ಅದು ಬಿಡುಗಡೆ ಆಗಲಿಲ್ಲ ಅಂತ ಒಂದೇ ಸಾಲು. ಆ ಒಂದು ಸಾಲಿಗೆ ಹದಿನಾಲ್ಕು ಸಾವಿರ. ಆದರೆ ಲ್ಯಾಬಿಗೆ ಯಾವ ಪ್ರಶ್ನೆ ಕೇಳಬೇಕು ಅನ್ನುವುದರಲ್ಲೇ ಎಲ್ಲ ಇದೆ. "ದೋಷ ಇದೆಯೇ" ಅಂತ ಕೇಳಿದರೆ ಉತ್ತರ ಅಡ್ಡಗೋಡೆ ಮೇಲೆ ದೀಪ. ನಾನು ಐದು ಪ್ರಶ್ನೆ ಕೊಟ್ಟಿದ್ದೆ. ಅವು ಯಾವುವು ಅಂತ ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು.

ಪರಿಹಾರದ ಲೆಕ್ಕ ನನ್ನ ಹೆಮ್ಮೆಯ ಭಾಗ. ಗ್ರಾಹಕ ದೂರುಗಳಲ್ಲಿ "ಮಾನಸಿಕ ಕಿರುಕುಳಕ್ಕೆ ಐದು ಲಕ್ಷ" ಅಂತ ಸುಮ್ನೆ ಒಂದು ಅಂಕಿ ಬರೆಯುವ ಚಾಳಿ ನಮ್ಮದು. ಬರುವುದು ಹತ್ತು ಸಾವಿರ. ನಾನು ಎಂವಿಸಿ, ಅಂದರೆ ವಾಹನ ಅಪಘಾತದ ಕೇಸುಗಳ, ಅಚ್ಚಿನಲ್ಲೇ ಹೊಯ್ದೆ. ನೋವಿಗೆ ಬೇರೆ, ಔಷಧಿಗೆ ಬೇರೆ, ಹಾಸಿಗೆ ಹಿಡಿದ ತಿಂಗಳುಗಳ ಆದಾಯಕ್ಕೆ ಬೇರೆ, ಎಡಗೈಯ ಎರಡು ಬೆರಳು ಮಡಚದಿರುವುದಕ್ಕೆ ಡಾಕ್ಟರ ಅಂಗವೈಕಲ್ಯ ಸರ್ಟಿಫಿಕೇಟ್, ಅಂಗವೈಕಲ್ಯದ ಪರಿಹಾರ ಲೆಕ್ಕ ಹಾಕುವ ಬಗೆ ಹೇಳುವ ಸುಪ್ರೀಂ ಕೋರ್ಟಿನ ರಾಜ್‌ಕುಮಾರ್–ಅಜಯ್‌ಕುಮಾರ್ ತೀರ್ಪು, ಎಲ್ಲ. ಕಂಪನಿಯವರು "ಆರ್ಥಿಕ ನಷ್ಟ ಹಾನಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ" ಅಂತ ಕಾಯ್ದೆಯ ಸೆಕ್ಷನ್ 2(22) ತೋರಿಸಿದರು. ನಿಜ, ವ್ಯಾಪಾರದ ನಷ್ಟ ಬರುವುದಿಲ್ಲ, ಕುಕ್ಕರಿನ ಬೆಲೆಯೂ ಹಾನಿ ಅಲ್ಲ. ಆದರೆ ಗಾಯದಿಂದಲೇ ಆದ ಇತರ ನಷ್ಟ ಅದೇ ವ್ಯಾಖ್ಯೆಯ ನಾಲ್ಕನೇ ಸಾಲಿನಲ್ಲಿದೆ. ಓದಿ ತೋರಿಸಿದೆ. ಕುಕ್ಕರಿನ ದುಡ್ಡನ್ನು ಸೆಕ್ಷನ್ 39ರಲ್ಲಿ ಬೇರೆಯೇ ಕೇಳಿದ್ದೆ.

ಮಧ್ಯೆ ಒಮ್ಮೆ ರಾಜಿ ಮಾತು ಬಂತು. ಇಪ್ಪತ್ತೈದು ಸಾವಿರ, ಜೊತೆಗೆ ಹೊಸ ಕುಕ್ಕರ್. ಅಕ್ಕ ಅಲ್ಲೇ, "ಅದರ ಹೆಸರು ಎತ್ತಬ್ಯಾಡ್ರಿ ಸಾಹೇಬ್ರ" ಅಂದರು. ಅಲ್ಲಿದ್ದವರೂ ನಕ್ಕುಬಿಟ್ಟರು.

2025ರ ಶುರುವಿನಲ್ಲಿ ಆದೇಶ ಬಂತು. ಒಂಬತ್ತು ಲಕ್ಷ ಕೇಳಿದ್ದಕ್ಕೆ ಮೂರು ಲಕ್ಷ ಅರವತ್ತು ಸಾವಿರ, ಬಡ್ಡಿ ಶೇ. 8, ಖರ್ಚು ಹತ್ತು ಸಾವಿರ. ಅಂಗಡಿಯವನ ಮೇಲಿನ ದೂರು ವಜಾ. ಅದು ಸರಿಯೇ. ಮಾಲನ್ನು ಅವನು ತಿದ್ದಿಲ್ಲ, ತಯಾರಕರು ಯಾರು ಅಂತ ಗೊತ್ತಿದೆ, ಮಾರಾಟಗಾರರ ಹೊಣೆ ಹೇಳುವ ಸೆಕ್ಷನ್ 86 ಅವನಿಗೆ ತಾಗುವುದಿಲ್ಲ. ನಿಜ ಹೇಳಬೇಕೆಂದರೆ ಅವನನ್ನು ಪಾರ್ಟಿ ಮಾಡಿದ್ದಕ್ಕೆ ಬೇರೆ ಕಾರಣ ಇತ್ತು. ಅವನ ತಕರಾರಿನಲ್ಲೇ "ನಾನು ಸೀಲ್ ಪ್ಯಾಕ್ ಮಾರಿದ್ದೇನೆ" ಅಂತ ಬರೆದ. ಮಾಲು ಕಂಪನಿಯಿಂದ ಬಂದ ಹಾಗೇ ಅಕ್ಕನ ಕೈ ಸೇರಿತು ಅಂತಾಯಿತು, ನನಗೆ ಬೇಕಿದ್ದದ್ದು ಅದೇ.

ಕಂಪನಿ ಮೇಲ್ಮನವಿ ಹಾಕಬೇಕಾದರೆ ಅರ್ಧ ದುಡ್ಡು ಕಟ್ಟಬೇಕು. ಹಾಕಲಿಲ್ಲ, ಕೊಡಲೂ ಇಲ್ಲ. ಬರೀ ಆದೇಶ ಜಾರಿ ಮಾಡಿಸುವ ಸೆಕ್ಷನ್ 71ರಲ್ಲಿ ಕೂತಿದ್ದರೆ ಇನ್ನೊಂದು ವರ್ಷ ಹೋಗುತ್ತಿತ್ತು. ಆದೇಶ ಪಾಲಿಸದವರಿಗೆ ಶಿಕ್ಷೆ ಕೇಳುವ ಸೆಕ್ಷನ್ 72ರ ಅರ್ಜಿಯನ್ನೂ ಜೊತೆಗೇ ಹಾಕಿದೆ. ಜೈಲು ಅನ್ನುವ ಪದ ಇರುವ ನೋಟಿಸ್ ಹೋದ ಮೂರನೇ ವಾಯಿದೆಗೆ ಡಿಡಿ ಬಂತು.

ನನ್ನ ಲೆಕ್ಕ: ಲ್ಯಾಬ್ ಹದಿನಾಲ್ಕು, ಓಡಾಟ ಆರೇಳು, ಡಾಕ್ಟರ ಓಡಾಟ, ಜೆರಾಕ್ಸ್ ಎಲ್ಲ ಸೇರಿ ಇಪ್ಪತ್ತಾರು ಸಾವಿರದ ಹತ್ತಿರ. ಬಂದದ್ದರಲ್ಲಿ ಪಾಲು ಅಂತ ನಾವು ವಕೀಲರು ಮಾತಾಡುವ ಹಾಗಿಲ್ಲ, ನಿಯಮವೇ ಹಾಗೆ. ಶುರುವಿನಲ್ಲೇ ಗೊತ್ತು ಮಾಡಿದ ಫೀ ಮೂವತ್ತೈದು ಸಾವಿರ, ಖರ್ಚು ಬೇರೆ. ಎರಡನ್ನೂ ಅಕ್ಕ ಒಂದೇ ಕಂತಿನಲ್ಲಿ ಕೊಟ್ಟರು, ಮೇಲೆ ಒಂದು ಡಬ್ಬಿ ಶೇಂಗಾ ಹೋಳಿಗೆ.

ಕಳೆದ ವಾರ ಅದೇ ಅಂಗಡಿಯ ಮುಂದೆ ಹೋಗುತ್ತಿದ್ದೆ. ಅಂಗಡಿಯವನು ಕರೆದು ಒಂದು ಡಬ್ಬ ತೋರಿಸಿದ. ಒಳಗೆ ಅಸಲಿ ಗ್ಯಾಸ್ಕೆಟ್‌ಗಳು, ಸೈಜ್ ಪ್ರಕಾರ ಜೋಡಿಸಿಟ್ಟಿದ್ದ. "ವಕೀಲ್ರ, ಈಗ ಸ್ಟಾಕ್ ಐತ್ರಿ. ಆದರ ನೂರಿಪ್ಪತ್ತು ಅಂದ್ರ ಯಾರೂ ಒಯ್ಯಂಗಿಲ್ಲ, ನಲವತ್ತರದ್ದು ಕೊಡು ಅಂತಾರ."