ವ್ಯಾಲಿಡೇಟರ್ ಆನ್‌ಲೈನ್ ಇದ್ದರೂ ಹೆಡ್ ವೋಟ್ ತಪ್ಪುತ್ತಿತ್ತು: ನಾನು ಸರಿ ಮಾಡಿದ್ದು ಹೀಗೆ

ನನ್ನ ಇಥೀರಿಯಂ ವ್ಯಾಲಿಡೇಟರ್ (ಬ್ಲಾಕ್‌ಚೈನ್‌ನ ಹೊಸ ಬ್ಲಾಕ್‌ಗಳನ್ನು ಪರಿಶೀಲಿಸಿ ವೋಟ್ ಹಾಕುವ ಪ್ರೋಗ್ರಾಂ) ಆನ್‌ಲೈನ್ ಇತ್ತು, ಪಿಯರ್‌ಗಳೂ, ಅಂದರೆ ಸಂಪರ್ಕದಲ್ಲಿರುವ ಬೇರೆ ಕಂಪ್ಯೂಟರ್‌ಗಳೂ, ಸಾಕಷ್ಟಿದ್ದವು. ಆದರೂ ಹೆಡ್ ವೋಟ್, ಅಂದರೆ ಚೈನಿನ ತೀರಾ ಹೊಸ ಬ್ಲಾಕ್ ಯಾವುದು ಅಂತ ಹಾಕುವ ವೋಟು, ಮಾತ್ರ ಪದೇ ಪದೇ ತಪ್ಪುತ್ತಿತ್ತು. ಲಾಗ್‌ನಲ್ಲಿ ಹೆಚ್ಚುಕಮ್ಮಿ ಎಲ್ಲ ಬ್ಲಾಕ್‌ಗಳೂ ಸ್ಲಾಟ್ (ಒಂದು ಬ್ಲಾಕಿಗೆ ಮೀಸಲಾದ ಸಮಯ) ಶುರುವಾಗಿ 4 ಸೆಕೆಂಡ್ ದಾಟಿದ ಮೇಲೆ ಬಂದಂತೆ ಕಾಣುತ್ತಿತ್ತು. ಒಂದೆರಡು ತಡವಾದರೆ ಸರಿ. ಎಲ್ಲವೂ ತಡ ಅಂದರೆ ಅನುಮಾನ ಬರಲೇಬೇಕು, ಅಲ್ವಾ?

ಇಲ್ಲಿ ಒಂದು ಸ್ಲಾಟ್ ಅಂದರೆ 12 ಸೆಕೆಂಡ್, 32 ಸ್ಲಾಟ್ ಸೇರಿದರೆ ಒಂದು ಎಪಾಕ್, ಅಂದರೆ 6.4 ನಿಮಿಷ. ಈಗ ಯಾವ ಸ್ಲಾಟ್ ಅಂತ ಯಾರೂ ಬಂದು ಹೇಳುವುದಿಲ್ಲ. 2020ರ ಡಿಸೆಂಬರ್ 1ರ ಜೆನೆಸಿಸ್‌ನಿಂದ (ಈ ಚೈನ್ ಶುರುವಾದ ಕ್ಷಣದಿಂದ) ಎಷ್ಟು ಸೆಕೆಂಡ್ ಕಳೆದಿದೆ ಅಂತ ಪ್ರತಿ ನೋಡ್ (ಜಾಲದ ಕಂಪ್ಯೂಟರ್) ತನ್ನದೇ ಗಡಿಯಾರ ನೋಡಿ 12ರಿಂದ ಭಾಗಿಸಿಕೊಳ್ಳುತ್ತದೆ, ಅಷ್ಟೇ. 4ನೇ ಸೆಕೆಂಡಿನವರೆಗೆ ಬ್ಲಾಕ್ ಬರದಿದ್ದರೆ ವ್ಯಾಲಿಡೇಟರ್ ಹಿಂದಿನ ಬ್ಲಾಕಿಗೇ ವೋಟ್ ಹಾಕುತ್ತದೆ. ಗಡಿಯಾರ ಮುಂದೆ ಓಡುತ್ತಿದ್ದರೆ ಸುಮ್ನೆ ಅವಸರದ ವೋಟು.

ಹಾಗಾಗಿ ನನ್ನ ಗಡಿಯಾರದ ಮೇಲೇ ಅನುಮಾನ ಬಂದು, ಅದನ್ನು ಸರಿಹೊಂದಿಸುವ ಪ್ರೋಗ್ರಾಂ ಆದ ಕ್ರೋನಿಯ ಸೋರ್ಸಸ್ ಪಟ್ಟಿ (ಸಮಯ ಕೊಡುವ ಸರ್ವರ್‌ಗಳ ಪಟ್ಟಿ) ತೆಗೆದೆ. ಎಲ್ಲ ಸಾಲಿನಲ್ಲೂ ರೀಚ್ 0, ಅಂದರೆ ಇತ್ತೀಚೆಗೆ ಯಾವ ಸರ್ವರ್‌ನಿಂದಲೂ ಉತ್ತರ ಬಂದಿಲ್ಲ! ಫೈರ್‌ವಾಲ್ ಯುಡಿಪಿ 123ನೇ ಪೋರ್ಟನ್ನು ತಡೆದಿತ್ತು, ಎನ್‌ಟಿಪಿ (ಇಂಟರ್ನೆಟ್‌ನಲ್ಲಿ ಸರಿಯಾದ ಸಮಯ ಪಡೆಯುವ ವಿಧಾನ) ಉತ್ತರ ಬರುತ್ತಲೇ ಇರಲಿಲ್ಲ. ಮೊದಲು ವ್ಯಾಲಿಡೇಟರ್ ನಿಲ್ಲಿಸಿದೆ, ಯಾಕೆಂದರೆ ಅದು ಓಡುವಾಗ ಗಡಿಯಾರ ಹಿಂದಕ್ಕೆ ಜಿಗಿಯುವುದು ನನಗೆ ಬೇಡವಾಗಿತ್ತು. ಆಮೇಲೆ ಪೋರ್ಟ್ ತೆರೆದು, ಗಡಿಯಾರವನ್ನು ಒಮ್ಮೆಲೇ ಸರಿ ಮಾಡುವ ಮೇಕ್‌ಸ್ಟೆಪ್ ಕಮಾಂಡ್ ಕೊಟ್ಟೆ. ಗಡಿಯಾರ 2 ಸೆಕೆಂಡಿಗಿಂತ ಜಾಸ್ತಿ ಹಿಂದಕ್ಕೆ ಬಂತು. ವ್ಯಾಲಿಡೇಟರ್ ಮತ್ತೆ ಶುರು ಮಾಡಿದ ಮೇಲೆ ಬ್ಲಾಕ್‌ಗಳು 2ನೇ ಸೆಕೆಂಡಿನ ಆಸುಪಾಸಿಗೆ ಬರತೊಡಗಿದವು, ಹೆಡ್ ವೋಟ್ ಸರಿಹೋಯಿತು. ಈಗ ರೀಚ್ 0 ಆದರೆ ಫೋನಿಗೆ ಅಲರ್ಟ್ ಬರುತ್ತದೆ.