ಹೊಸ ವಾರಿಯರ್‌ನನ್ನು 60ನೇ ಲೆವೆಲ್‌ವರೆಗೆ ಬೆಳೆಸುವುದು ಹೇಗೆ?

ಪರೀಕ್ಷೆಗಳು ಮುಗಿದು, ಬಳ್ಳಾರಿಯ ಬಿಸಿಲು ಮನೆಯಿಂದ ಹೊರಗೆ ಕಾಲಿಡಲು ಬಿಡದ ಏಪ್ರಿಲ್–ಮೇ ತಿಂಗಳುಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹುಡುಗ–ಹುಡುಗಿಯರಲ್ಲಿ ಹಲವರು ಆನ್‌ಲೈನ್ ಆಟಗಳಿಗೆ ಹೊಸದಾಗಿ ಸೇರುತ್ತಾರೆ. 2004ರಲ್ಲಿ ಆರಂಭವಾದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ಹಳೆಯ ರೂಪವನ್ನೇ 2019ರ ಆಗಸ್ಟ್‌ನಲ್ಲಿ ‘ಕ್ಲಾಸಿಕ್’ ಎಂಬ ಹೆಸರಿನಲ್ಲಿ ಮತ್ತೆ ತೆರೆಯಲಾಯಿತು. ಅದರಲ್ಲಿ ಒಂಬತ್ತು ಬಗೆಯ ಪಾತ್ರಗಳಿವೆ. ಕತ್ತಿಯನ್ನೋ ಕೊಡಲಿಯನ್ನೋ ಹಿಡಿದು ಶತ್ರುವಿನ ಎದುರೇ ನಿಂತು ಹೊಡೆಯಬೇಕು ಎನ್ನುವವರು ಸಹಜವಾಗಿ ವಾರಿಯರ್‌ನನ್ನು ಆರಿಸುತ್ತಾರೆ. ಹಾಗೆ ಆರಿಸಿದವರಲ್ಲಿ ಹಲವರು ಇಪ್ಪತ್ತನೇ ಲೆವೆಲ್ ಮುಟ್ಟುವ ಮೊದಲೇ ಬೇಸತ್ತು ಬೇರೆ ಪಾತ್ರಕ್ಕೆ ಹೋಗಿಬಿಡುವುದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಈ ಪಾತ್ರದ ಸೊಗಸು ತೆರೆದುಕೊಳ್ಳುವುದೇ ಅಲ್ಲಿಂದ ಮುಂದೆ.

ಅವರು ಬೇಸರಪಡುವುದಕ್ಕೆ ಕಾರಣ ಸ್ಪಷ್ಟವಾಗಿದೆ. ವಾರಿಯರ್‌ಗೆ ಗಾಯ ವಾಸಿಮಾಡಿಕೊಳ್ಳುವ ಮಂತ್ರವಿಲ್ಲ, ಜೊತೆಯಲ್ಲಿ ಕಾದಾಡುವ ಸಾಕುಪ್ರಾಣಿಯಿಲ್ಲ, ದೂರದಲ್ಲಿ ನಿಂತು ಶತ್ರುವನ್ನು ಮುಗಿಸುವ ಶಕ್ತಿಯೂ ಇಲ್ಲ. ಪ್ರತಿ ಕಾಳಗದಲ್ಲೂ ಅವನು ಏಟು ತಿಂದೇ ಗೆಲ್ಲಬೇಕು, ಗೆದ್ದ ಮೇಲೆ ಕೂತು ಉಂಡು ಚೇತರಿಸಿಕೊಳ್ಳಬೇಕು. ಆದ್ದರಿಂದ ವಾರಿಯರ್‌ನ ಬೆಳವಣಿಗೆಯ ವೇಗವನ್ನು ನಿರ್ಧರಿಸುವುದು ಅವನು ಎಷ್ಟು ಜೋರಾಗಿ ಹೊಡೆಯುತ್ತಾನೆ ಎಂಬುದಕ್ಕಿಂತ ಎರಡು ಕಾಳಗಗಳ ನಡುವೆ ಎಷ್ಟು ಹೊತ್ತು ಸುಮ್ಮನೆ ಕೂರುತ್ತಾನೆ ಎಂಬುದು. ಮುಂದೆ ಹೇಳುವ ಎಲ್ಲ ಕ್ರಮಗಳೂ ಆ ಕೂರುವ ಹೊತ್ತನ್ನು ಕಡಿಮೆ ಮಾಡುವುದಕ್ಕಾಗಿಯೇ ಇವೆ.

ಆರಂಭಕ್ಕೆ ಮುನ್ನ: ಸರ್ವರ್ ಮತ್ತು ಕರೆಂಟ್

ಕ್ಲಾಸಿಕ್ ಆಡಲು ತಿಂಗಳ ಚಂದಾ ಕಟ್ಟಬೇಕು. ಈ ಆಟದ ಸರ್ವರ್ ಭಾರತದಲ್ಲಿ ಇಲ್ಲದ ಕಾರಣ ಯುರೋಪ್, ಅಮೆರಿಕ ಅಥವಾ ಆಸ್ಟ್ರೇಲಿಯಾ ಭಾಗದ ಸರ್ವರ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಬಳ್ಳಾರಿಯಿಂದ ಆಡಲಿ, ರಾಯಚೂರಿನಿಂದ ಆಡಲಿ, ಪಿಂಗ್ (ನಮ್ಮ ಆದೇಶ ಸರ್ವರ್ ಮುಟ್ಟಿ ಉತ್ತರ ಬರಲು ಹಿಡಿಯುವ ಸಮಯ) ಸಾಮಾನ್ಯವಾಗಿ 100 ಮಿಲಿಸೆಕೆಂಡ್ ದಾಟಿಯೇ ಇರುತ್ತದೆ. ಆಯ್ಕೆ ಮಾಡುವಾಗ ಪಿಂಗ್ ಒಂದನ್ನೇ ನೋಡದೆ ಗಡಿಯಾರವನ್ನೂ ನೋಡುವುದು ಒಳ್ಳೆಯದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸಂಜೆ ಏಳಾದಾಗ ನಮ್ಮಲ್ಲಿ ಮಧ್ಯಾಹ್ನ ಎರಡರ ಆಸುಪಾಸು. ಪಶ್ಚಿಮ ಯುರೋಪಿನ ಬಹುಭಾಗದಲ್ಲಿ ಸಂಜೆ ಏಳಾದಾಗ ನಮ್ಮಲ್ಲಿ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ. ಡಂಜನ್‌ಗೆ, ಅಂದರೆ ಗುಂಪಾಗಿ ಹೋಗಿ ಕಾದಾಡಬೇಕಾದ ಅಪಾಯದ ತಾಣಕ್ಕೆ, ಜೊತೆಗಾರರು ಸುಲಭವಾಗಿ ಸಿಗುವುದು ಆ ಸಂಜೆಯ ಹೊತ್ತಿನಲ್ಲೇ ಆದ್ದರಿಂದ ಕಾಲೇಜಿಗೆ ಹೋಗುವವರು ಯುರೋಪ್ ಸರ್ವರ್ ಆರಿಸಿ ನಿದ್ದೆ ಕೆಡಿಸಿಕೊಳ್ಳುವುದಕ್ಕಿಂತ ರಜೆಯಲ್ಲಿ ಮಧ್ಯಾಹ್ನ ಆಡಬಹುದಾದ ಸರ್ವರ್ ಆರಿಸುವುದು ಮೇಲೆಂದು ನಾನು ತಿಳಿಯುತ್ತೇನೆ.

ಆದರೆ ಮಧ್ಯಾಹ್ನ ಆಡುವವರು ಕರೆಂಟ್ ಹೋಗುವುದಕ್ಕೂ ಸಿದ್ಧರಿರಬೇಕು. ಕಾಳಗದ ನಡುವೆ ಸಂಪರ್ಕ ಕಡಿದರೆ ಪಾತ್ರವು ಆ ಕ್ಷಣವೇ ಮಾಯವಾಗುವುದಿಲ್ಲ. ಆಟದೊಳಗೆ ಕೆಲ ಹೊತ್ತು ನಿಂತಲ್ಲೇ ನಿಂತು ಏಟು ತಿನ್ನುತ್ತಿರುತ್ತದೆ. ಒಮ್ಮೆ ಸತ್ತರೆ ಪಾತ್ರವೇ ಮುಗಿದುಹೋಗುವ ‘ಹಾರ್ಡ್‌ಕೋರ್’ ಸರ್ವರ್‌ಗಳು 2023ರಿಂದ ಇವೆ. ಅಲ್ಲಿ ಆಡುವ ಆಸೆಯಿದ್ದವರು ಕಂಪ್ಯೂಟರ್ ಜೊತೆಗೆ ರೌಟರ್ ಅನ್ನೂ ಇನ್ವರ್ಟರ್ ಅಥವಾ ಯುಪಿಎಸ್‌ಗೆ ಜೋಡಿಸದೆ ಆಟ ಶುರು ಮಾಡಬಾರದು.

ಮೊದಲ ಹತ್ತು ಲೆವೆಲ್‌ಗಳು

ಕ್ಲಾಸಿಕ್‌ನ ಎಂಟು ಜನಾಂಗಗಳಲ್ಲಿ ಯಾವುದನ್ನು ಆರಿಸಿದರೂ ವಾರಿಯರ್ ಆಗಬಹುದು. ಮನುಷ್ಯರಿಗೆ ಕತ್ತಿ ಮತ್ತು ಗದೆಯಲ್ಲಿ, ಆರ್ಕ್‌ಗಳಿಗೆ ಕೊಡಲಿಯಲ್ಲಿ ಹೆಚ್ಚಿನ ಕೌಶಲವಿರುತ್ತದೆ. ಟಾರೆನ್‌ಗಳಿಗೆ ದೇಹಬಲ ಹೆಚ್ಚು. ಮನಸ್ಸಿಗೆ ಹಿಡಿಸಿದ ಜನಾಂಗದಲ್ಲಿ ಆಡುವುದೇ ಸರಿ, ಏಕೆಂದರೆ ಈ ಪಾತ್ರದೊಡನೆ ಬಹಳ ದಿನ ಕಳೆಯಬೇಕಾಗುತ್ತದೆ.

ನಾಲ್ಕನೇ ಲೆವೆಲ್‌ನಲ್ಲಿ ‘ಚಾರ್ಜ್’ ಸಿಗುತ್ತದೆ. ವಾರಿಯರ್‌ಗೆ ಮಂತ್ರಗಾರರ ‘ಮಾನಾ’ ಬದಲಿಗೆ ‘ರೇಜ್’ ಇರುತ್ತದೆ. ಏಟು ಕೊಟ್ಟಾಗಲೂ ತಿಂದಾಗಲೂ ಅದು ಏರುತ್ತದೆ, ಕಾಳಗ ಮುಗಿದ ಮೇಲೆ ತಾನಾಗಿಯೇ ಇಳಿಯುತ್ತದೆ. ಚಾರ್ಜ್ ಮಾಡಿ ನುಗ್ಗಿದರೆ ಆರಂಭಕ್ಕೇ ಒಂದಿಷ್ಟು ರೇಜ್ ಕೈಸೇರುತ್ತದೆ. ಒಂಟಿಯಾಗಿ ಅಲೆಯುವ ಪ್ರಾಣಿಯ ಮೇಲೆ ಚಾರ್ಜ್ ಮಾಡುವುದು ಸರಿ. ಗುಂಪಾಗಿ ಬೀಡುಬಿಟ್ಟ ಶತ್ರುಗಳೊಳಗೆ ಚಾರ್ಜ್ ಮಾಡಿದರೆ ಮೂವರು ಒಟ್ಟಿಗೆ ಮೇಲೆ ಬೀಳುವುದು ಖಚಿತ. ಅಂಥಲ್ಲಿ ಬಿಲ್ಲು ಅಥವಾ ಬಂದೂಕಿನಿಂದ ಒಬ್ಬನನ್ನು ಮಾತ್ರ ಕೆಣಕಿ, ಆತ ಬೆನ್ನಟ್ಟಿ ಬರುವಂತೆ ಮಾಡಿ, ಬಯಲಿನಲ್ಲಿ ಎದುರಿಸಬೇಕು. ಕಾಳಗ ಆರಂಭವಾದ ಮೇಲೆ ಚಾರ್ಜ್ ಕೆಲಸ ಮಾಡುವುದಿಲ್ಲವಾದ್ದರಿಂದ ಎರಡರಲ್ಲಿ ಒಂದನ್ನು ಮೊದಲೇ ತೀರ್ಮಾನಿಸಿಕೊಂಡಿರಬೇಕು.

ಯಾರ ಮೇಲೆ ಕೈಮಾಡಬೇಕು

ಹೊಸಬರು ಎಡವುವುದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಗರಡಿಮನೆಯ ಉಸ್ತಾದರು ಹೊಸ ಹುಡುಗನನ್ನು ಅವನಿಗಿಂತ ಮೇಲಿನ ಪೈಲ್ವಾನನ ಜೋಡಿಗೆ ಬಿಡುವುದಿಲ್ಲ. ವಾರಿಯರ್‌ಗೂ ಅದೇ ನಿಯಮ. ಲೆಕ್ಕ ನೋಡಿದರೆ ಕಾರಣ ತಿಳಿಯುತ್ತದೆ. 20ನೇ ಲೆವೆಲ್‌ನವನು ತನ್ನದೇ ಲೆವೆಲ್‌ನ ಸಾಮಾನ್ಯ ಶತ್ರುವನ್ನು ಕೊಂದರೆ 145 ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ಬರುತ್ತದೆ. ಎರಡು ಲೆವೆಲ್ ಮೇಲಿನವನನ್ನು ಕೊಂದರೆ ಸುಮಾರು 160, ಎರಡು ಲೆವೆಲ್ ಕೆಳಗಿನವನನ್ನು ಕೊಂದರೆ ಸುಮಾರು 119. ಮೇಲಿನವನಿಂದ ಸಿಗುವ ಲಾಭ ಕೇವಲ 15 ಎಕ್ಸ್‌ಪಿ. ಆದರೆ ಅವನ ದೇಹಬಲ ಹೆಚ್ಚು, ಅವನ ಏಟು ಬಲವಾದದ್ದು, ನಿಮ್ಮ ಏಟುಗಳು ತಪ್ಪುವುದೂ ಹೆಚ್ಚು. ತಪ್ಪದೆ ತಗುಲಿದ ಸಾಮಾನ್ಯ ಏಟುಗಳಲ್ಲೂ ಒಂದಿಷ್ಟು ಬಲ ಕಳೆದುಕೊಂಡು ಜಾರಿಹೋಗುವಂಥವು ಲೆವೆಲ್ ಅಂತರ ಹೆಚ್ಚಿದಂತೆ ಬಹಳವಾಗುತ್ತವೆ. ಗೆದ್ದರೂ ಕಾಲುಭಾಗ ಪ್ರಾಣ ಉಳಿಸಿಕೊಂಡು ನಿಲ್ಲುತ್ತೀರಿ, ಆಮೇಲೆ ಊಟಕ್ಕೆ ಕೂತರೆ 20ರಿಂದ 30 ಸೆಕೆಂಡ್ ಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಎರಡು ಲೆವೆಲ್ ಕೆಳಗಿನ ಇನ್ನೊಬ್ಬನನ್ನು ಹೊಡೆದು ಮುಗಿಸಬಹುದಿತ್ತು.

ಹೀಗಾಗಿ ನಿಮ್ಮ ಲೆವೆಲ್‌ಗಿಂತ ಒಂದೆರಡು ಕಡಿಮೆ ಇರುವ ಕ್ವೆಸ್ಟ್‌ಗಳನ್ನೇ (ಆಟ ಒಪ್ಪಿಸುವ ಕೆಲಸಗಳನ್ನೇ) ಹಿಡಿಯಿರಿ. ಲೆವೆಲ್ ಸಂಖ್ಯೆ ಹಳದಿ ಅಥವಾ ಹಸಿರು ಬಣ್ಣದಲ್ಲಿ ಕಾಣುವ ಶತ್ರುಗಳು ನಿಮ್ಮವರು. ಕಿತ್ತಳೆ ಮತ್ತು ಕೆಂಪು ಬಣ್ಣದವರನ್ನು ದೂರವಿಡಿ. ಬೂದು ಬಣ್ಣದವರಿಂದ ಎಕ್ಸ್‌ಪಿ ಬರುವುದೇ ಇಲ್ಲ. ಬೇಟೆಗಾರನೂ ಮಂತ್ರಗಾರನೂ ಒಂದು ಪ್ರದೇಶವನ್ನು ಮುಗಿಸಿ ಮುಂದಿನದಕ್ಕೆ ಹೋದರೆಂದು ನೀವೂ ಅವರ ಹಿಂದೆ ಓಡಬೇಕಿಲ್ಲ. ಆಟದ ಎರಡು ಪಕ್ಷಗಳಲ್ಲಿ ಅಲೈಯನ್ಸ್ ಕಡೆಯವರು ವೆಸ್ಟ್‌ಫಾಲ್, ಹೋರ್ಡ್ ಕಡೆಯವರು ಬ್ಯಾರೆನ್ಸ್ ಪ್ರದೇಶದಲ್ಲಿ ಇನ್ನೊಂದೆರಡು ಲೆವೆಲ್ ಹೆಚ್ಚಿಗೇ ಇದ್ದು ಹೊರಡುವುದು ಲಾಭಕರ.

ಆಯುಧವೇ ಎಲ್ಲ

ಮಂತ್ರಗಾರನ ಕೈಯಲ್ಲಿ ಹಳೆಯ ಕೋಲಿದ್ದರೂ ಅವನ ಮಂತ್ರದ ಬಲ ಹೆಚ್ಚು ಕುಗ್ಗುವುದಿಲ್ಲ. ವಾರಿಯರ್‌ನ ಹೆಚ್ಚಿನ ಏಟುಗಳೆಲ್ಲ ಆಯುಧದ ಬಲವನ್ನೇ ಅವಲಂಬಿಸಿವೆ. ಒಳ್ಳೆಯ ಎದೆಗವಚ ಮತ್ತು ಒಳ್ಳೆಯ ಕೊಡಲಿ ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆಯೆಂದರೆ ಯೋಚಿಸದೆ ಕೊಡಲಿಯನ್ನೇ ಕೊಳ್ಳಿ.

ಲೆವೆಲ್ ಏರಿಸುವಾಗ ಎರಡೂ ಕೈಯಲ್ಲಿ ಹಿಡಿಯುವ ದೊಡ್ಡ ಆಯುಧವೇ ಉತ್ತಮ, ಅದರಲ್ಲೂ ನಿಧಾನವಾಗಿ ಬೀಸುವ, ಒಂದೊಂದು ಏಟೂ ಭಾರವಾದ ಆಯುಧ. 20ನೇ ಲೆವೆಲ್‌ನಿಂದ ಎರಡು ಕೈಗೆ ಎರಡು ಆಯುಧ ಹಿಡಿಯಬಹುದಾದರೂ ಹಾಗೆ ಹಿಡಿದಾಗ ಏಟು ತಪ್ಪುವ ಸಂಭವ 19 ಶೇಕಡಾವಾರು ಅಂಶ ಹೆಚ್ಚಾಗುತ್ತದೆ; ಆ ನಷ್ಟವನ್ನು ತುಂಬಿಕೊಳ್ಳುವಂಥ ಗೇರ್ (ಆಯುಧ–ಕವಚಗಳು) ಲೆವೆಲ್ ಏರುವ ಹಂತದಲ್ಲಿ ಯಾರ ಬಳಿಯೂ ಇರುವುದಿಲ್ಲ.

ಐದಾರು ಲೆವೆಲ್‌ಗೊಮ್ಮೆ ಆಯುಧ ಬದಲಾಗಲೇಬೇಕು. ಕ್ವೆಸ್ಟ್‌ನಲ್ಲಿ ಸಿಗದಿದ್ದರೆ ಆಕ್ಷನ್ ಹೌಸ್‌ನಲ್ಲಿ (ಆಟದೊಳಗಿನ ಹರಾಜುಕಟ್ಟೆಯಲ್ಲಿ) ಹುಡುಕಿ. ಡಂಜನ್‌ಗಳಲ್ಲಿ ಡೆಡ್‌ಮೈನ್ಸ್‌ನ ಮಿಸ್ಟರ್ ಸ್ಮೈಟ್ ಬಳಿಯ ದೊಡ್ಡ ಸುತ್ತಿಗೆ, ರೇಜರ್‌ಫೆನ್ ಕ್ರಾಲ್‌ನ ‘ಕಾರ್ಪ್ಸ್‌ಮೇಕರ್’ ಕೊಡಲಿ, ಸ್ಕಾರ್ಲೆಟ್ ಮೊನಾಸ್ಟರಿಯ ಹೆರಾಡ್‌ನಿಂದ ಬೀಳುವ ‘ರ‍್ಯಾವೇಜರ್’ ಕೊಡಲಿ ಇವು ಹೋಗಿ ತರಬೇಕಾದ ಆಯುಧಗಳು. ಎಲ್ಲಕ್ಕಿಂತ ಮುಖ್ಯವಾದದ್ದು 30ನೇ ಲೆವೆಲ್‌ನ ವಾರಿಯರ್ ಕ್ವೆಸ್ಟ್ ಸರಣಿ. ರ‍್ಯಾಚೆಟ್ ಬಂದರಿನ ಸಮೀಪದ ಫ್ರೇ ದ್ವೀಪದಲ್ಲಿ ಅದರ ಮೊದಲ ಭಾಗ ನಡೆದು ‘ಬರ್ಸರ್ಕರ್ ಸ್ಟಾನ್ಸ್’ ಎಂಬ ಕಾಳಗದ ನಿಲುವು ದೊರೆಯುತ್ತದೆ. ಕೊನೆಯಲ್ಲಿ ಸೈಕ್ಲೋನಿಯನ್ ಎಂಬ ಎಲೀಟ್ ಶತ್ರುವನ್ನು ಸೋಲಿಸಿದರೆ ‘ವರ್ಲ್‌ವಿಂಡ್’ ಹೆಸರಿನ ಕೊಡಲಿ, ಕತ್ತಿ, ಸುತ್ತಿಗೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಸೈಕ್ಲೋನಿಯನ್ ನಿಮಗಿಂತ ಬಹಳ ಬಲಶಾಲಿ. ಗಿಲ್ಡ್‌ನ (ಆಟಗಾರರ ಸಂಘದ) ಹಿರಿಯ ಆಟಗಾರರಲ್ಲಿ ಸಂಕೋಚವಿಲ್ಲದೆ ನೆರವು ಕೇಳಿ. ಈ ಸರಣಿಗೆ ವಾರಿಯರ್‌ಗಳು ನೆರವು ಕೇಳುವುದು ಆಟದಲ್ಲಿ ಮೊದಲಿನಿಂದಲೂ ರೂಢಿಯಲ್ಲಿದೆ. ಆ ಆಯುಧ ಕೈಗೆ ಬಂದ ದಿನದಿಂದ ಪಾತ್ರದ ನಡೆಯೇ ಬದಲಾಗುತ್ತದೆ.

ಹೊಸ ಬಗೆಯ ಆಯುಧ ಹಿಡಿದಾಗ ಅದರ ಕೌಶಲ ಒಂದರಿಂದ ಶುರುವಾಗುತ್ತದೆ ಎಂಬುದನ್ನು ನೆನಪಿಡಬೇಕು. ಪ್ರತಿ ಲೆವೆಲ್‌ಗೆ ಐದರಂತೆ ಅದರ ಮಿತಿ ಏರಿ 60ರಲ್ಲಿ 300 ಆಗುತ್ತದೆ. ಕತ್ತಿಯಿಂದ ಕೊಡಲಿಗೆ ಬದಲಾದಾಗ ದುರ್ಬಲ ಶತ್ರುಗಳ ಮೇಲೆ ಒಂದಷ್ಟು ಹೊತ್ತು ಕೈ ಪಳಗಿಸಿಕೊಂಡೇ ಮುಂದುವರಿಯಿರಿ. ಆಯುಧಕ್ಕೆ ಸಾಣೆಕಲ್ಲು ಹಚ್ಚುವುದು ಅಗ್ಗದ ಕೆಲಸ. ಸಣ್ಣ ಲೆವೆಲ್‌ಗಳಲ್ಲಿ ಪ್ರತಿ ಏಟಿಗೆ ಸೇರುವ ಎರಡು ಮೂರು ಅಂಶವೂ ದೊಡ್ಡದೇ.

ಕಾಳಗದ ಕ್ರಮ

ಕಾಳಗದಲ್ಲಿ ಒತ್ತುವ ಕೀಲಿಗಳ ಕ್ರಮ ಬಹಳ ಕಷ್ಟದ್ದಲ್ಲ. ಏಟಿನ ಬಲ ಹೆಚ್ಚಿಸುವ ‘ಬ್ಯಾಟಲ್ ಶೌಟ್’ ಯಾವಾಗಲೂ ಚಾಲ್ತಿಯಲ್ಲಿರಲಿ. ಚಾರ್ಜ್ ಮಾಡಿದ ಮೇಲೆ ದೀರ್ಘವಾಗಿ ಬಾಳುವ ಶತ್ರುವಿಗೆ ‘ರೆಂಡ್’ ಹಾಕಿ. ಯಂತ್ರಗಳಿಗೆ ಮತ್ತು ಎಲಿಮೆಂಟಲ್‌ಗಳಿಗೆ (ಬೆಂಕಿ, ನೀರು, ಕಲ್ಲಿನಂಥ ಜೀವಿಗಳಿಗೆ) ರಕ್ತಸ್ರಾವವಿಲ್ಲದ ಕಾರಣ ಅವುಗಳ ಮೇಲೆ ಅದು ವ್ಯರ್ಥ. ಶತ್ರು ನಿಮ್ಮ ಏಟಿನಿಂದ ತಪ್ಪಿಸಿಕೊಂಡಾಗ ‘ಓವರ್‌ಪವರ್’ ಬೆಳಗುತ್ತದೆ; ಕೇವಲ 5 ರೇಜ್‌ಗೆ ಸಿಗುವ, ಯಾರೂ ತಡೆಯಲಾಗದ ಆ ಏಟನ್ನು ಎಂದಿಗೂ ಬಿಡಬೇಡಿ. 24ನೇ ಲೆವೆಲ್‌ನಿಂದ, ಶತ್ರುವಿನ ಪ್ರಾಣ 20 ಶೇಕಡಾಕ್ಕೆ ಇಳಿದಾಗ ‘ಎಕ್ಸಿಕ್ಯೂಟ್’ ಬಳಸಬಹುದು.

‘ಹೀರೋಯಿಕ್ ಸ್ಟ್ರೈಕ್’ ಬಗ್ಗೆ ಎಚ್ಚರ ಬೇಕು. ಅದು ಮುಂದಿನ ಸಾಮಾನ್ಯ ಏಟಿನ ಜಾಗದಲ್ಲಿ ಬೀಳುವುದರಿಂದ ತನ್ನ 15 ರೇಜ್ ಜೊತೆಗೆ ಆ ಏಟಿನಿಂದ ಬರಬೇಕಿದ್ದ ರೇಜ್ ಅನ್ನೂ ಕಳೆಯುತ್ತದೆ. ರೇಜ್ ಉಕ್ಕಿ ಚೆಲ್ಲುವಷ್ಟಿದ್ದಾಗ ಮಾತ್ರ ಅದನ್ನು ಒತ್ತಿ.

ನಮ್ಮ ಕಡೆಯಿಂದ ಆಡುವವರಿಗೆ ಪಿಂಗ್ ತಂದೊಡ್ಡುವ ತೊಂದರೆ ಎದ್ದು ಕಾಣುವುದು ಶತ್ರು ಓಡುವಾಗ. ಮನುಷ್ಯಾಕಾರದ ಶತ್ರುಗಳು ಪ್ರಾಣ ಕಡಿಮೆಯಾದಾಗ ಓಡಿಹೋಗಿ ಜೊತೆಯವರನ್ನು ಕರೆತರುತ್ತಾರೆ. ಪರದೆಯಲ್ಲಿ ಕೈಗೆ ಸಿಗುವಂತೆ ಕಂಡರೂ ಸರ್ವರ್ ಲೆಕ್ಕದಲ್ಲಿ ಅವನು ಆಗಲೇ ದೂರ ಸಾಗಿರುತ್ತಾನೆ. ಆದ್ದರಿಂದ ಓಡತೊಡಗಿದ ಮೇಲೆ ಹುಡುಕಾಡದೆ, ಪ್ರಾಣ ಮೂರನೇ ಒಂದು ಭಾಗಕ್ಕೆ ಇಳಿದಾಗಲೇ ‘ಹ್ಯಾಮ್‌ಸ್ಟ್ರಿಂಗ್’ ಹಾಕಿ ಕಾಲು ಕಟ್ಟಿಬಿಡಿ. ನೀವೇ ಓಡಬೇಕಾಗಿ ಬಂದರೂ ಅದನ್ನು ಹಾಕಿಯೇ ಓಡಿ; ಬೆನ್ನಿಗೆ ಏಟು ಬಿದ್ದರೆ ‘ಡೇಜ್’ ಆಗಿ ನಿಮ್ಮ ವೇಗವೇ ಕುಸಿಯುತ್ತದೆ. 20ನೇ ಲೆವೆಲ್‌ನಲ್ಲಿ ಕಲಿಯುವ, ಹೊಡೆದವರಿಗೆಲ್ಲ ತಿರುಗೇಟು ಕೊಡುವ ‘ರಿಟಾಲಿಯೇಷನ್’ ಅರ್ಧ ಗಂಟೆಗೊಮ್ಮೆ ಮಾತ್ರ ಸಿಗುತ್ತದೆ. ಮೂರು ನಾಲ್ಕು ಜನ ಮೇಲೆ ಬಿದ್ದ ಹೊತ್ತಿಗೆ ಅದು ಪ್ರಾಣ ಉಳಿಸುತ್ತದೆ.

ಕಾಳಗ ಮುಗಿದಾಗ ರೇಜ್ ಉಳಿದಿದ್ದು ಪ್ರಾಣವೂ ಅರ್ಧಕ್ಕಿಂತ ಹೆಚ್ಚಿದ್ದರೆ ನಿಲ್ಲದೆ ಮುಂದಿನವನ ಬಳಿಗೆ ಹೋಗಿ. ರೇಜ್ ಇಳಿದುಹೋಗುವ ಮೊದಲೇ ಬಳಸುವುದು ಈ ಪಾತ್ರದ ಲಯ.

ಫಸ್ಟ್ ಏಡ್

ಇದನ್ನು ಕಲಿಯದ ವಾರಿಯರ್ ಅರ್ಧ ವಾರಿಯರ್. ಮನುಷ್ಯಾಕಾರದ ಶತ್ರುಗಳಿಂದ ಸಿಗುವ ಲಿನನ್, ಉಣ್ಣೆ, ರೇಷ್ಮೆ ಬಟ್ಟೆಗಳನ್ನು ಮಾರದೆ ಬ್ಯಾಂಡೇಜ್ ಮಾಡಿಕೊಳ್ಳಿ. ನಿಮಿಷಕ್ಕೆ ಒಂದನ್ನು ಮಾತ್ರ ಕಟ್ಟಿಕೊಳ್ಳಬಹುದು, ಕಟ್ಟುವಾಗ ಏಟು ಬಿದ್ದರೆ ಅದು ನಿಂತುಹೋಗುತ್ತದೆ. ಕಾಳಗ ಮುಗಿದ ಕೂಡಲೇ ಒಂದು ಬ್ಯಾಂಡೇಜ್, ಅದಕ್ಕೂ ಮುಗಿಯದ ಗಾಯವಿದ್ದರೆ ಮಾತ್ರ ಊಟ ಎಂದು ರೂಢಿಸಿಕೊಂಡರೆ ಕೂರುವ ಹೊತ್ತು ಗಣನೀಯವಾಗಿ ಇಳಿಯುತ್ತದೆ. ಕೌಶಲ 225 ದಾಟಿಸಲು 35ನೇ ಲೆವೆಲ್‌ನಲ್ಲಿ ಗಾಯಾಳುಗಳನ್ನು ಉಳಿಸುವ ಒಂದು ಕ್ವೆಸ್ಟ್ ಇದೆ. ಅಲೈಯನ್ಸ್‌ನವರು ಥೆರಮೋರ್‌ಗೆ, ಹೋರ್ಡ್‌ನವರು ಹ್ಯಾಮರ್‌ಫಾಲ್‌ಗೆ ಹೋಗಬೇಕು.

ಆಟ ನಿಲ್ಲಿಸುವಾಗ ಪಾತ್ರವನ್ನು ಯಾವುದಾದರೂ ಊರಿನ ಇನ್‌ನಲ್ಲಿ (ತಂಗುಮನೆಯಲ್ಲಿ) ಬಿಡಿ. ಎಂಟು ಗಂಟೆಗೆ ಒಂದು ಲೆವೆಲ್‌ನ 5 ಶೇಕಡಾದಂತೆ ವಿಶ್ರಾಂತಿಯ ಎಕ್ಸ್‌ಪಿ ಜಮೆಯಾಗಿ, ಅದು ಮುಗಿಯುವವರೆಗೆ ಕೊಂದ ಪ್ರತಿ ಶತ್ರುವಿನಿಂದ ಎರಡರಷ್ಟು ಬರುತ್ತದೆ. ಬಯಲಿನಲ್ಲಿ ಬಿಟ್ಟರೆ ಜಮೆಯಾಗುವುದು ಅದರ ಕಾಲುಭಾಗ.

ಮೂವತ್ತರಿಂದ ಮುಂದೆ

10ನೇ ಲೆವೆಲ್‌ನಿಂದ ಪ್ರತಿ ಲೆವೆಲ್‌ಗೆ ಒಂದು ಟ್ಯಾಲೆಂಟ್ ಅಂಶ (ಪಾತ್ರದ ಶಕ್ತಿಗಳನ್ನು ಹೆಚ್ಚಿಸಿಕೊಳ್ಳುವ ಅಂಕ) ಸಿಗುತ್ತದೆ. ಅವನ್ನು ‘ಆರ್ಮ್ಸ್’ ಶಾಖೆಗೇ ಹಾಕುತ್ತಾ ಹೋಗಿ. ನಿಲುವು ಬದಲಿಸುವಾಗ 25ರವರೆಗೆ ರೇಜ್ ಉಳಿಸುವ ‘ಟ್ಯಾಕ್ಟಿಕಲ್ ಮಾಸ್ಟರಿ’ ಪೂರ್ತಿ ಇರಲಿ. 30ರಲ್ಲಿ ಸಿಗುವ ‘ಸ್ವೀಪಿಂಗ್ ಸ್ಟ್ರೈಕ್ಸ್’ ನಿಮ್ಮ ಮುಂದಿನ ಐದು ಏಟುಗಳನ್ನು ಪಕ್ಕದವನಿಗೂ ತಾಗಿಸುತ್ತದೆ. ಅಲ್ಲಿಯವರೆಗೆ ಭಯಪಡುತ್ತಿದ್ದ ಇಬ್ಬರು ಶತ್ರುಗಳ ಜೋಡಿಯನ್ನು ಆಮೇಲೆ ನೀವೇ ಹುಡುಕಿಕೊಂಡು ಹೋಗುತ್ತೀರಿ. 36ರಲ್ಲಿ ‘ವರ್ಲ್‌ವಿಂಡ್’ ಏಟು, 40ರಲ್ಲಿ ‘ಮಾರ್ಟಲ್ ಸ್ಟ್ರೈಕ್’ ಮತ್ತು ಪ್ಲೇಟ್ ಕವಚ ಸೇರುತ್ತವೆ.

40ರಲ್ಲೇ ಸವಾರಿಗೆ ಕುದುರೆ, ತೋಳ ಮುಂತಾದವು ಸಿಗುತ್ತವೆ. ತರಬೇತಿಯೂ ಸೇರಿ ಅದಕ್ಕೆ ಸುಮಾರು 100 ಚಿನ್ನದ ನಾಣ್ಯ ಬೇಕು. ಅದನ್ನು ಕೂಡಿಡಲು ಗಣಿಗಾರಿಕೆ ಮತ್ತು ಚರ್ಮ ಸುಲಿಯುವ ಕಸುಬುಗಳನ್ನು ಕಲಿತು ಸಿಕ್ಕಿದ್ದನ್ನೆಲ್ಲ ಮಾರಿ. ಕಮ್ಮಾರಿಕೆ ಆಕರ್ಷಕವಾಗಿ ಕಂಡರೂ ಲೆವೆಲ್ ಏರುವಾಗ ಹಣ ನುಂಗುತ್ತದೆ. ತರಬೇತಿದಾರರ ಬಳಿ ಬಳಸದ ಏಟುಗಳ ಹೊಸ ದರ್ಜೆಗಳನ್ನೆಲ್ಲ ಕೊಳ್ಳುವ ಅಗತ್ಯವಿಲ್ಲ.

ಡಂಜನ್ ಗುಂಪುಗಳಿಗೆ ಟ್ಯಾಂಕ್, ಅಂದರೆ ಮುಂದೆ ನಿಂತು ಎಲ್ಲರ ಪರವಾಗಿ ಏಟು ತಿನ್ನುವವನು, ಬೇಕೇಬೇಕು. ಒಂದು ಕೈಯ ಕತ್ತಿ ಮತ್ತು ಗುರಾಣಿಯನ್ನು ಸದಾ ಚೀಲದಲ್ಲಿಟ್ಟುಕೊಂಡು, ಆ ಕತ್ತಿಯ ಕೌಶಲವನ್ನೂ ಜೊತೆಜೊತೆಗೆ ಏರಿಸುತ್ತಿದ್ದರೆ ನಿಮಗೆ ಗುಂಪು ಸಿಗುವುದು ಎಂದಿಗೂ ತಡವಾಗುವುದಿಲ್ಲ. 10ನೇ ಲೆವೆಲ್‌ನ ಕ್ವೆಸ್ಟ್‌ನಲ್ಲಿ ದೊರೆಯುವ ‘ಡಿಫೆನ್ಸಿವ್ ಸ್ಟಾನ್ಸ್’ನಲ್ಲಿ ನಿಂತರೆ ತಿನ್ನುವ ಏಟು 10 ಶೇಕಡಾ ಕಡಿಮೆಯಾಗುತ್ತದೆ, ಶತ್ರುವಿನ ಗಮನವೂ ನಿಮ್ಮ ಮೇಲೆಯೇ ಉಳಿಯುತ್ತದೆ. ಹಿಂದೆ ಗಾಯ ವಾಸಿಮಾಡುವ ಹೀಲರ್ ಇರುವಾಗ ವಾರಿಯರ್‌ಗೆ ಕೂರುವ ಹೊತ್ತೇ ಇರುವುದಿಲ್ಲವಾದ್ದರಿಂದ 50ರ ನಂತರದ ಲೆವೆಲ್‌ಗಳನ್ನು ಕ್ವೆಸ್ಟ್‌ಗಳ ಜೊತೆಗೆ ಬ್ಲ್ಯಾಕ್‌ರಾಕ್ ಡೆಪ್ತ್ಸ್‌ನಂಥ ಡಂಜನ್‌ಗಳಲ್ಲಿ ಏರುವುದು ಒಳ್ಳೆಯದು. 60ನೇ ಲೆವೆಲ್‌ನ ಡಂಜನ್‌ಗಳಿಗೆ ಬೇಕಾಗುವ ಕವಚದ ಮೊದಲ ತುಂಡುಗಳು ಅಲ್ಲಿಯೇ ಸಿಗತೊಡಗುತ್ತವೆ.