ಮುಧೋಳವೋ ಲ್ಯಾಬ್ರಡಾರೋ: ನಿಮ್ಮ ಮನೆಗೆ ಯಾವುದು?

ನಾಯಿ ತರೋಣ ಅಂತ ತೀರ್ಮಾನವಾದ ಮನೆಗಳಲ್ಲಿ ಈಗೀಗ ಒಂದು ಜಗಳ ಇದ್ದದ್ದೇ. ಮಕ್ಕಳಿಗೆ ಲ್ಯಾಬ್ ಬೇಕು, ಅಪ್ಪನಿಗೆ ನಮ್ಮ ಮುಧೋಳವೇ ಆಗಬೇಕು. ಎರಡೂ ಒಳ್ಳೆ ನಾಯಿಗಳೇ, ಆದರೆ ಸ್ವಭಾವದಲ್ಲಿ ಅಜಗಜಾಂತರ.

ಯಾವ ಕೆಲಸಕ್ಕೆ ಬೆಳೆಸಿದ ತಳಿ ಅನ್ನೋದನ್ನು ಮೊದಲು ನೋಡಿ. ಲ್ಯಾಬ್ರಡಾರ್ ಬ್ರಿಟನ್ನಿನಲ್ಲಿ ಬೇಟೆಗಾರನ ಪಕ್ಕದಲ್ಲೇ ಕಾದು ಕೂತು, ಗುಂಡೇಟಿಗೆ ಬಿದ್ದ ಹಕ್ಕಿಯನ್ನು ನೀರಿಗಿಳಿದಾದರೂ ತಂದುಕೊಡುತ್ತಿದ್ದ ನಾಯಿ. ಅದಕ್ಕೆ ಸದಾ ಜನ ಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಹಾಗಲ್ಲ, ಬಯಲಲ್ಲಿ ಮೊಲ ಕಣ್ಣಿಗೆ ಬಿತ್ತು ಅಂದರೆ ಯಾರ ಅಪ್ಪಣೆಗೂ ಕಾಯದೆ ಅಟ್ಟಿಸಿಕೊಂಡು ಹೋಗುತ್ತದೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಉಳಿಸಿ ಬೆಳೆಸಿದರು, 2005ರಲ್ಲಿ ಅದು ಅಂಚೆ ಚೀಟಿಯ ಮೇಲೂ ಬಂತು, ಸೇನೆಯವರೂ ತರಬೇತಿ ಕೊಟ್ಟು ನೋಡಿದರು. ಹೆಮ್ಮೆ ಇರಲಿ, ಆದರೆ ಬರೀ ಹೆಮ್ಮೆಗೋಸ್ಕರ ಮನೆಗೆ ತರಬೇಡಿ.

ಹಗಲಿಡೀ ಮನೆಗೆ ಬೀಗವಾ? ಹಾಗಿದ್ದರೆ ಲ್ಯಾಬ್ ಬೇಡ. ಒಂಟಿಯಾಗಿ ಬಿಟ್ಟರೆ ಚಪ್ಪಲಿ, ಸೋಫಾ, ರಿಮೋಟ್ ಯಾವುದೂ ಉಳಿಯುವುದಿಲ್ಲ. ಮುಧೋಳ ಬೇಕಾದರೆ ಒಂದು ಮೂಲೆ ಹಿಡಿದು ಸುಮ್ನೆ ಮಲಗೀತು, ಆದರೆ ಅದಕ್ಕೂ ದಿನವಿಡೀ ಒಂಟಿತನ ಒಳ್ಳೆಯದಲ್ಲ. ನಿಜ ಹೇಳಬೇಕೆಂದರೆ ಅಂಥ ಮನೆಗೆ ಸದ್ಯಕ್ಕೆ ನಾಯಿಯೇ ಬೇಡ.

ಮನೆಯಲ್ಲಿ ಅಜ್ಜ ಅಜ್ಜಿ, ಪುಟ್ಟ ಮಕ್ಕಳು, ದಿನಾ ಬಂದು ಹೋಗುವ ನೆಂಟರು ಇದ್ದರೆ ಲ್ಯಾಬ್ ಸುಲಭ. ಕಳ್ಳ ಬಂದರೂ ಬಾಲ ಅಲ್ಲಾಡಿಸೀತು, ಅದು ಬೇರೆ ಮಾತು. ಮುಧೋಳ ಮನೆಯವರಿಗೆ ಪ್ರಾಣ ಕೊಡುತ್ತದೆ, ಹೊಸಬರು ಬಂದು ತಲೆ ಸವರಿದರೆ ಮಾತ್ರ ಹಿಂದೆ ಸರಿಯುತ್ತದೆ. ಮನೆಯಲ್ಲಿ ಕೋಳಿ, ಬೆಕ್ಕು, ಮೊಲ ಇದ್ದರೆ ಮುಧೋಳದ ಯೋಚನೆಯನ್ನೇ ಬಿಡಿ.

ಓಟದ ವಿಷಯಕ್ಕೆ ಬರೋಣ. ಮುಧೋಳಕ್ಕೆ ಬೆಲ್ಟ್ ಹಾಕಿ ಬೀದಿ ಸುತ್ತಿಸಿದರೆ ಸಾಲದು, ಮೈ ಚಾಚಿ ಓಡಲು ಬೇಲಿ ಇರುವ ತೋಟವೋ ಮೈದಾನವೋ ಬೇಕು, ಕಾಂಪೌಂಡ್ ಗೋಡೆ ಎತ್ತರ ಇರಬೇಕು. ಮಾಮೂಲಿ ಕಾಲರ್ ನಂಬಬೇಡಿ. ಅದರ ಕುತ್ತಿಗೆ ತಲೆಯಷ್ಟೇ ದಪ್ಪ, ಒಮ್ಮೆ ಹಿಂದಕ್ಕೆ ಜಗ್ಗಿದರೆ ಕಾಲರ್ ನಿಮ್ಮ ಕೈಯಲ್ಲಿ, ನಾಯಿ ರಸ್ತೆಯಲ್ಲಿ. ಎಳೆದಾಗ ಬಿಗಿಯಾಗುವ ಅಗಲವಾದ ಕಾಲರ್ ಅಥವಾ ಎದೆ ಸುತ್ತ ಹಾಕುವ, ಅಳತೆಗೆ ಸರಿಯಾದ ಹಾರ್ನೆಸ್ ತನ್ನಿ. ಇನ್ನೊಂದು ವಿಷಯ, ಮೈಯಲ್ಲಿ ಕೊಬ್ಬು ಕಮ್ಮಿ ಇರುವ ಈ ಬಗೆಯ ಬೇಟೆ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿ ಒಗ್ಗುವುದಿಲ್ಲ. ಆಪರೇಷನ್ ಅಂದರೆ ಡಾಕ್ಟರಿಗೆ ತಳಿ ಯಾವುದು ಅಂತ ಮೊದಲೇ ಹೇಳಿ.

ಲ್ಯಾಬ್‌ನ ದೊಡ್ಡ ತೊಂದರೆ ಹೊಟ್ಟೆ. 2016ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ಹೇಳಿದ ಪ್ರಕಾರ ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ಗೆ ಹಸಿವು ಹೆಚ್ಚಿಸುವ ಜೀನ್ ದೋಷ ಇರುತ್ತದೆ. ಹಾಗಾಗಿ ಅದರ ಮುಖ ನೋಡಿ ಇಡ್ಲಿ, ಬಿಸ್ಕೆಟ್ ಹಾಕುತ್ತಾ ಹೋಗಬೇಡಿ. ಪಕ್ಕೆಯ ಮೇಲೆ ಕೈಯಾಡಿಸಿ ನೋಡಿ, ಒತ್ತದೇ ಎಲುಬು ಸಿಗಬೇಕು, ಸಿಗದಿದ್ದರೆ ಊಟ ಕಡಿಮೆ ಮಾಡಿ. ತೂಕ ಏರಿದರೆ ಮೊದಲೇ ಸೂಕ್ಷ್ಮವಾದ ಸೊಂಟದ ಕೀಲಿಗೆ ಹೊಡೆತ. ಕೂದಲಂತೂ ವರ್ಷವಿಡೀ ಉದುರುತ್ತದೆ, ದಟ್ಟ ತುಪ್ಪಳ ಬೇರೆ, ರಾಯಚೂರು ಕಲಬುರಗಿ ಬೇಸಿಗೆಯಲ್ಲಿ ಅದರ ಪಾಡು ನೋಡಲಾಗದು. ಅಲ್ಲಿ ಮುಧೋಳವೇ ಸರಿ.

ಬೆಂಗಳೂರಿನ ಫ್ಲಾಟು, ಮನೆ ತುಂಬ ಜನ, ಬೆಳಿಗ್ಗೆ ಸಂಜೆ ವಾಕಿಂಗ್ ಮಾಡಿಸುವವರು ಇದ್ದಾರೆ ಅಂದರೆ ನಾನು ಲ್ಯಾಬ್ ಅನ್ನುತ್ತೇನೆ. ತೋಟದ ಮನೆ, ಬಂದೋಬಸ್ತಾದ ಬೇಲಿ ಇದ್ದರೆ ಕಣ್ಣು ಮುಚ್ಚಿಕೊಂಡು ಮುಧೋಳ.

ಮುಧೋಳ ಮರಿ ಬೇಕಿದ್ದರೆ ಮುಧೋಳ ಊರಿನ ಪಕ್ಕದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ಯಾವ ತಳಿಯಾದರೂ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, 2017ರ ನಿಯಮ ಇದೆ. ಲ್ಯಾಬ್ ಆದರೆ ತಂದೆ ತಾಯಿಯ ಸೊಂಟದ ಎಕ್ಸ್‌ರೇ ಕೇಳಿ. ತಾಯಿ ನಾಯಿಯನ್ನೇ ತೋರಿಸಲ್ಲ ಅಂದರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.